ಸೇತುವೆ ಮುಳುಗುವ ಮುನ್ನ ಮನೆ ತುಂಬಿಸಿಕೊಳ್ಳಿ

ಮೃಗಶಿರಾ ಮಳೆ ಹತ್ತಿರ ಬಂತೆಂದರೆ ಕಂಪ್ಲಿ ಸುತ್ತಮುತ್ತ ಎಲ್ಲರ ಮಾತೂ ಬೀಜ, ಗೊಬ್ಬರ, ಸಸಿಮಡಿಯದೇ. ಇರಲಿ, ಅದು ಆಗಬೇಕಾದ ಕೆಲಸವೇ. ಆದರೆ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡಿದ್ದೀರಾ? ಎಷ್ಟೋ ಮನೆಗಳಲ್ಲಿ ಇವತ್ತಿನ ಬೇಳೆ ಇವತ್ತು, ನಾಳೆಯ ಎಣ್ಣೆ ನಾಳೆ ಎಂಬಂತೆ ಸಂಸಾರ ಸಾಗಿದೆ. ಓಣಿಯ ತುದಿಯಲ್ಲೇ ಕಿರಾಣಿ ಅಂಗಡಿ ಇದೆಯಲ್ಲ, ಫೋನ್ ಮಾಡಿದರೆ ಹುಡುಗ ತಂದುಕೊಡುತ್ತಾನಲ್ಲ ಎಂಬ ಧೈರ್ಯ ನಿಮ್ಮದು. ಹೊಳೆ ದಂಡೆಯಲ್ಲಿ ಬಾಳುವವರಿಗೆ ಅಷ್ಟು ಧೈರ್ಯ ಒಳ್ಳೆಯದಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಾಳೆ ನಾಲ್ಕು ಜನ ಆಡಿಕೊಳ್ಳುವುದು ಬೇಡವೆಂದೇ ಇಷ್ಟು ಮೊದಲು ಹೇಳುತ್ತಿದ್ದೇನೆ.

ನಮ್ಮ ತುಂಗಭದ್ರೆಯ ರೀತಿ ನಿಮಗೆ ಗೊತ್ತಿಲ್ಲದ್ದೇನಲ್ಲ. ಮಳೆ ಹೊಡೆಯುವುದು ಮಲೆನಾಡಿನಲ್ಲಿ, ಸೇತುವೆ ಮುಳುಗುವುದು ಕಂಪ್ಲಿಯಲ್ಲಿ. ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ, ಮುಂದೆ ವರದೆಯನ್ನೂ ಕೂಡಿಸಿಕೊಂಡು ಹೊಸಪೇಟೆಯ ಜಲಾಶಯಕ್ಕೆ ಬರುತ್ತವೆ. ಹೂಳು ತುಂಬಿ ಆ ಜಲಾಶಯದ ಸಾಮರ್ಥ್ಯ ಈಗ 105.788 ಟಿಎಂಸಿಗೆ ಇಳಿದಿದೆ. ನೀರಿನ ಮಟ್ಟ 1633 ಅಡಿ ಮುಟ್ಟುವ ಹೊತ್ತಿಗೆ ಒಳಹರಿವು ಜೋರಾಗಿದ್ದರೆ ಕ್ರಸ್ಟ್‌ಗೇಟ್ ಎತ್ತದೆ ವಿಧಿಯಿಲ್ಲ. ಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿ ಏರುತ್ತ ಹೋದರೆ ಕಂಪ್ಲಿ–ಗಂಗಾವತಿ ಸೇತುವೆಯ ಕಡೆ ನೋಡುವ ಹೊತ್ತು ಬಂತೆಂದೇ ತಿಳಿಯಿರಿ. ಅವತ್ತು ನಿಮ್ಮ ಅಂಗಳದಲ್ಲಿ ಬಿಸಿಲು ಸುರಿಯುತ್ತಿರಬಹುದು, ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿರಬಹುದು. ಆದ್ದರಿಂದ ಮನೆಯ ಮುಂದಿನ ಮೋಡ ನೋಡಿ ಲೆಕ್ಕ ಹಾಕಬೇಡಿ. ಆಷಾಢ, ಶ್ರಾವಣದಲ್ಲಿ ದಿನಾ ಬೆಳಿಗ್ಗೆ ಜಲಾಶಯದ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಪತ್ರಿಕೆಯಲ್ಲಿ ಓದಿ. ಓದು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

2019ರ ಆಗಸ್ಟ್‌ ನೆನಪಿದೆಯಲ್ಲ? ಹಂಪಿಯ ಪುರಂದರ ಮಂಟಪ ಮುಳುಗಿತು. ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಹೊರತರಬೇಕಾಯಿತು. ಇಲ್ಲಿ ನಮ್ಮ ಸೇತುವೆಯ ಮೇಲೂ ನೀರು. 2024ರ ಆಗಸ್ಟ್ 10ರ ರಾತ್ರಿಯಂತೂ ಯಾರೂ ಎಣಿಸದೇ ಇದ್ದದ್ದೇ ಆಯಿತು. ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಕೊಂಡಿ ಕಳಚಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿ ಆಗಸ್ಟ್ 17ರ ಹೊತ್ತಿಗೆ ನೀರು ನಿಲ್ಲಿಸಿದರು, ಆ ಕೆಲಸಗಾರರ ಕೈಗೆ ಪುಣ್ಯ ಬರಲಿ. ಆದರೆ ಆ ಒಂದು ವಾರ ಹೊಳೆ ದಂಡೆಯ ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಮಳೆ ಬಂದರೆ ಮೊದಲೇ ಸುದ್ದಿ ಬರುತ್ತದೆ, ಚೈನ್ ತುಂಡಾದರೆ ಯಾರು ಸುದ್ದಿ ಕೊಡುತ್ತಾರೆ? ಮನೆಯಲ್ಲಿ ಇರುವುದೇ ಅವತ್ತಿಗೆ ಆಸರೆ.

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲು ಎಷ್ಟು ಬೇಕು ಎಂಬ ಲೆಕ್ಕ. ಎರಡು ವಾರ ಅಂಗಡಿಯ ಮುಖ ನೋಡದೆ ಇರುವಷ್ಟು ಕಾಳುಕಡಿ, ಮೂರು ದಿನ ನಲ್ಲಿಯ ಹಂಗಿಲ್ಲದೆ ಇರುವಷ್ಟು ನೀರು ಇದ್ದರೆ ಸಾಕು. ಐದು ಜನರ ಮನೆಗೆ ಅಕ್ಕಿ, ಜೋಳ ಸೇರಿ 20ರಿಂದ 25 ಕಿಲೋ, ಬೇಳೆ ಎರಡೂವರೆ ಮೂರು ಕಿಲೋ, ಅಡುಗೆ ಎಣ್ಣೆ ಎರಡು ಲೀಟರ್, ಉಪ್ಪು ಒಂದು ಕಿಲೋ, ಬೆಲ್ಲ ಅಥವಾ ಸಕ್ಕರೆ ಎರಡು ಕಿಲೋ. ಜೊತೆಗೆ ಖಾರದ ಪುಡಿ, ಹುಣಸೆಹಣ್ಣು, ಚಹಾಪುಡಿ. ಒಲೆ ಹಚ್ಚಲಾಗದ ದಿನಕ್ಕೆಂದು ಅವಲಕ್ಕಿ, ಮಂಡಕ್ಕಿ, ಪುಟಾಣಿ, ಶೇಂಗಾ ಬೇರೆಯೇ ಡಬ್ಬಿಯಲ್ಲಿರಲಿ. ಬಿಸ್ಕತ್ತು, ನೂಡಲ್ಸ್ ಪೊಟ್ಟಣಗಳನ್ನು ಗುಡ್ಡೆ ಹಾಕುವವರಿಗೆ ಒಂದು ಮಾತು: ನಮ್ಮ ಕಡೆಯ ಖಡಕ್ ಜೋಳದ ರೊಟ್ಟಿಗಿಂತ ಒಳ್ಳೆಯ ಆಪತ್ತಿನ ಊಟ ಯಾವುದಿದೆ? ಚೆನ್ನಾಗಿ ಒಣಗಿಸಿ, ಬಿಳಿ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡದು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ ಒಂದೊಂದು ಡಬ್ಬಿ ಇದ್ದರೆ ಒಲೆಯೂ ಬೇಡ, ಸಾರೂ ಬೇಡ. ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದ ಹೆಂಗಸರು ಇದನ್ನೆಲ್ಲ ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಇವತ್ತಿನವರಿಗೆ ಹೇಳಬೇಕಾಗಿದೆ, ಹೇಳುತ್ತೇನೆ.

ಒಮ್ಮೆಗೇ ಇಷ್ಟು ಕೊಳ್ಳಲು ದುಡ್ಡೆಲ್ಲಿ ಎಂದು ಕೂಲಿಗೆ ಹೋಗುವ ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಒಮ್ಮೆಗೇ ಕೊಳ್ಳಬೇಡಿ. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ. ಯುಗಾದಿ ಕಳೆದ ಮೇಲೆ ವಾರವಾರವೂ ಸಂತೆಯಲ್ಲಿ ಒಂದು ಪದಾರ್ಥ ಹೆಚ್ಚಿಗೆ ತನ್ನಿ, ಈ ವಾರ ಅರ್ಧ ಕಿಲೋ ಬೇಳೆ, ಮುಂದಿನ ವಾರ ಒಂದು ಪೊಟ್ಟಣ ಉಪ್ಪು. ದಿನಾ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ಬೇರೆ ಗಡಿಗೆಗೆ ಹಾಕುವ ರೂಢಿ ಇತ್ತಲ್ಲ, ಅದನ್ನು ಮತ್ತೆ ಹಿಡಿಯಿರಿ. ಪಡಿತರದ ಅಕ್ಕಿಯನ್ನು ಬಂದ ದಿನವೇ ಮನೆ ಬಾಗಿಲಿಗೆ ಬರುವ ವ್ಯಾಪಾರಿಗೆ ಮಾರುವವರಿದ್ದಾರೆ. ದಯವಿಟ್ಟು ಮಾರಬೇಡಿ. ನಾಲ್ಕು ಕಾಸಿಗೆ ಕೊಟ್ಟ ಅದೇ ಅಕ್ಕಿಯನ್ನು ಸೇತುವೆ ಮುಳುಗಿದ ವಾರ ಹತ್ತು ಕಾಸು ಕೊಟ್ಟು ತರಬೇಕಾದೀತು. ಸ್ವಸಹಾಯ ಸಂಘದಲ್ಲಿರುವ ಹೆಣ್ಣುಮಕ್ಕಳು ಸೇರಿ ಮೂಟೆ ಲೆಕ್ಕದಲ್ಲಿ ಬೇಳೆ, ಎಣ್ಣೆ ತರಿಸಿ ಹಂಚಿಕೊಂಡರೆ ಎಲ್ಲರಿಗೂ ಅಗ್ಗ.

ತಂದದ್ದನ್ನು ಇಡುವುದು ತರುವುದಕ್ಕಿಂತ ದೊಡ್ಡ ಕೆಲಸ. ಹಿಂದಿನವರು ನೆಲದಲ್ಲಿ ಹಗೇವು ತೆಗೆದು ಜೋಳ ತುಂಬಿಡುತ್ತಿದ್ದರು. 1876–78ರ ಧಾತು ಬರದಲ್ಲಿ ಬಳ್ಳಾರಿ ಸೀಮೆ ಪಟ್ಟ ಪಾಡು ಈ ನೆಲಕ್ಕೆ ಕಾಳಿನ ಬೆಲೆ ಕಲಿಸಿತ್ತು. ನೀವು ಹಗೇವು ತೆಗೆಯುವುದು ಬೇಡ, ಡಬ್ಬಿಯನ್ನಾದರೂ ಸರಿಯಾಗಿ ಮುಚ್ಚಿ. ಅಕ್ಕಿ, ಜೋಳವನ್ನು ಒಳ್ಳೆಯ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಬೂಷ್ಟು ಹಿಡಿಯುತ್ತದೆ. ಒಣಗಿದ ಬೇವಿನ ಸೊಪ್ಪು ನಡುನಡುವೆ ಇರಲಿ, ಹಸಿ ಸೊಪ್ಪು ಬೇಡ. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಮಣೆಯ ಮೇಲಿಡಿ. ಕೋಟೆ ಕಡೆಯ ತಗ್ಗಿನ ಮನೆಯವರು ಮಳೆಗಾಲದಲ್ಲಿ ಅಟ್ಟವನ್ನೇ ಉಗ್ರಾಣ ಮಾಡಿಕೊಳ್ಳಿ. ಹಳೆಯದು ಮುಂದೆ, ಹೊಸದು ಹಿಂದೆ ಇರಲಿ. ಹೊಸ ಬೇಳೆ ಬಂತೆಂದು ಮೊದಲು ಅದನ್ನೇ ಬೇಯಿಸುವ ಚಪಲ ಬಿಡಿ.

ಇನ್ನೊಂದನ್ನು ಗಟ್ಟಿಯಾಗಿಯೇ ಹೇಳಬೇಕು. ಯೂರಿಯಾ ಚೀಲ, ಕೀಟನಾಶಕದ ಬಾಟಲಿ, ಕಾಳಿನ ಚೀಲ ಎಲ್ಲ ಒಂದೇ ಕೋಣೆಯಲ್ಲಿ ಇಡುವ ಮನೆಗಳು ನಮ್ಮ ಕಡೆ ಬಹಳ. ಔಷಧಿಯ ಖಾಲಿ ಡಬ್ಬ ತೊಳೆದು ಅದಕ್ಕೇ ಎಣ್ಣೆ, ನೀರು ತುಂಬುವವರೂ ಇದ್ದಾರೆ. ಹೊಲದ ಔಷಧಿ ಅಡುಗೆಮನೆಯ ಕಡೆ ಸುಳಿಯಲೇ ಕೂಡದು. ನೀರು ಒಳನುಗ್ಗಿದ ದಿನ ಅದು ಯಾವ ಚೀಲಕ್ಕೆ ಬೆರೆಯಿತೆಂದು ಯಾರು ನೋಡುತ್ತಾರೆ?

ಹೊಳೆ ತುಂಬಿದಾಗ ಮೊದಲು ಕೈಕೊಡುವುದು ಕುಡಿಯುವ ನೀರು. ಹೊಳೆಯ ನೀರು ರಾಡಿಯಾಗಿರುತ್ತದೆ, ಪಂಪ್‌ಹೌಸ್‌ಗೆ ನೀರು ನುಗ್ಗಿದರೆ ಪೂರೈಕೆ ನಿಲ್ಲುತ್ತದೆ, ಕರೆಂಟ್ ಹೋದರೆ ಶುದ್ಧ ನೀರಿನ ಘಟಕವೂ ಬಂದ್. ಕುಡಿಯಲು, ಅಡುಗೆಗೆ ತಲೆಗೆ ಐದು ಲೀಟರ್ ಹಿಡಿದರೆ ಐದು ಜನಕ್ಕೆ ಮೂರು ದಿನಕ್ಕೆ 75 ಲೀಟರ್, ಅಂದರೆ 20 ಲೀಟರಿನ ನಾಲ್ಕು ಕ್ಯಾನು. ಗೇಟ್ ಎತ್ತಿದ ಸುದ್ದಿ ಬಂದ ದಿನವೇ ತುಂಬಿಡಿ. ಬಾಯಿ ಮುಚ್ಚದ ಡ್ರಮ್ಮಿನಲ್ಲಿ ನೀರು ಹಿಡಿದು ವಾರ ಬಿಟ್ಟರೆ ಡೆಂಗಿ ಸೊಳ್ಳೆಯನ್ನು ನೀವೇ ಸಾಕಿದಂತೆ. ಮುಚ್ಚಿ, ಇಲ್ಲವೇ ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಿರಿ. ನೆರೆಯ ದಿನಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೂ ಒಂದಷ್ಟು ಹೊತ್ತು ಕುದಿಸಿಯೇ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಕೆಡುಕು, ಆದ್ದರಿಂದ ಕೈಯಳತೆ ಬೇಡ, ಚಮಚದಲ್ಲೇ ಅಳೆಯಿರಿ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕೊನೆಯ ಒಂದು ಉಳಿದಾಗ ಅಂಗಡಿಗೆ ಓಡುವ ಅಭ್ಯಾಸ ಬಹಳ ಯಜಮಾನರದು. ಎರಡು ವಾರದ್ದು ಹೆಚ್ಚಿಗೆ ಇರಲೇಬೇಕು, ಚೀಟಿಯ ಜೊತೆಗೆ. ಇನ್ಸುಲಿನ್ ತೆಗೆದುಕೊಳ್ಳುವವರು ಕರೆಂಟ್ ಇಲ್ಲದಾಗ ಏನು ಮಾಡಬೇಕೆಂದು ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ಅದನ್ನಿಡಲು ನೀರಿನಲ್ಲಿ ತೋಯಿಸಿದ ಮಣ್ಣಿನ ಮಡಕೆಯ ತಂಪು ಬಹಳ ಕಡೆ ಬಳಕೆಯಲ್ಲಿದೆ. ಚಿಕಿತ್ಸೆಗೆ ಗಂಗಾವತಿಗೆ ಹೋಗುವವರು ಗಮನಿಸಿ: ಸೇತುವೆ ಬಂದ್ ಆದರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೇಲೆ ಸುತ್ತಿ ಹೋಗಬೇಕು. ಹೆರಿಗೆ ದಿನ ಹತ್ತಿರವಾದ ಮಗಳು ಮನೆಯಲ್ಲಿದ್ದರೆ ಹೊಳೆ ಏರುವವರೆಗೆ ಕಾಯಬೇಡಿ, ತೋರಿಸುವ ಆಸ್ಪತ್ರೆ ಯಾವ ದಂಡೆಯಲ್ಲಿದೆಯೋ ಆ ದಂಡೆಯ ನೆಂಟರ ಮನೆಗೆ ಮೊದಲೇ ಕಳಿಸಿ. ನೆರೆ ನೀರಿನೊಂದಿಗೆ ಹಾವು ಬರುತ್ತದೆ. ಕಚ್ಚಿದರೆ ನಾಟಿ ಮದ್ದು, ಮಂತ್ರ ಎಂದು ಹೊತ್ತು ಕಳೆಯದೆ ಸೀದಾ ಆಸ್ಪತ್ರೆ.

ಗ್ಯಾಸಿನ ಮಾತು ಚಿಕ್ಕದು. ಎರಡನೆಯ ಸಿಲಿಂಡರ್ ಹಚ್ಚಿದ ದಿನವೇ ಮುಂದಿನದಕ್ಕೆ ಬುಕ್ ಮಾಡಿ. ಒಂದೇ ಸಿಲಿಂಡರ್ ಇರುವವರು ಒಣಗಿದ ಸೌದೆ ನೆನೆಯದ ಜಾಗದಲ್ಲಿಟ್ಟಿರಿ. ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡುವ ಹುಡುಗರ ಬುದ್ಧಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಟಾರ್ಚ್, ಮೇಣದಬತ್ತಿ, ಬೆಂಕಿಪೊಟ್ಟಣ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ನೆಟ್‌ವರ್ಕ್ ಇಲ್ಲದ ದಿನ ಫೋನಿನಲ್ಲಿರುವ ದುಡ್ಡು ಅಂಗಡಿಗೆ ಮುಟ್ಟದು, ಆದ್ದರಿಂದ ಹತ್ತು, ಇಪ್ಪತ್ತು, ಐವತ್ತರ ನೋಟು ಒಂದಿಷ್ಟು ಮನೆಯಲ್ಲಿರಲಿ. ದನ ಕಟ್ಟಿದವರು ಹುಲ್ಲಿನ ಬಣವೆಯನ್ನು ದಿಬ್ಬದ ಮೇಲೆ ಒಟ್ಟಿರಿ. ನಿಮಗೆ ಹಸಿವಾದರೆ ಕೇಳುತ್ತೀರಿ, ಅವು ಯಾರನ್ನು ಕೇಳಬೇಕು?

ಈಗ ಬೈಯುವ ಸರದಿ. ಬೇಕಾದಷ್ಟು ತಂದಿಡಿ ಎಂದೆನೇ ಹೊರತು ಅಂಗಡಿಯನ್ನೇ ಹೊತ್ತು ತನ್ನಿ ಎನ್ನಲಿಲ್ಲ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಎಂದ ಕೂಡಲೇ ಊರೂರಲ್ಲಿ ಜನ ಅಂಗಡಿಗೆ ಮುಗಿಬಿದ್ದರು. ಕೈಯಲ್ಲಿ ದುಡ್ಡಿದ್ದವರು ಮೂಟೆ ಒಯ್ದರು, ಅವತ್ತಿನ ಕೂಲಿಯಲ್ಲಿ ಅವತ್ತೇ ಅಕ್ಕಿ ತರುವವರು ಬರಿಗೈಯಲ್ಲಿ ನಿಂತರು. ಓದಿದವರೂ ಇದಕ್ಕೆ ಹೊರತಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸಾಲುಗಟ್ಟಿದರು, ಸೋನಾ ಮಸೂರಿಯ ಚೀಲದ ಮೇಲೆ ಚೀಲ ಹೇರಿಕೊಂಡು ಹೋದರು. ಕೆಲವು ಅಂಗಡಿಗಳು ಮನೆಗೆ ಒಂದೇ ಚೀಲ ಎಂದು ಕಟ್ಟು ಹಾಕಬೇಕಾಯಿತು. ಹೊಳೆಯಾಚೆ ಗಂಗಾವತಿಯ ಗಿರಣಿಗಳಲ್ಲಿ ಮಿಲ್ ಆಗುವ ಅಕ್ಕಿಯೂ ಅದೇ ಜಾತಿಯದು. ಅತಿಯಾಸೆ ಗತಿಗೇಡು ಎಂದು ಸುಮ್ಮನೆ ಹೇಳಿಲ್ಲ: ಹಾಗೆ ಕೂಡಿಟ್ಟ ಅಕ್ಕಿ ಕೊನೆಗೆ ನುಸಿಯ ಪಾಲು.

ಆದ್ದರಿಂದ ಸೇತುವೆ ಮುಳುಗಿದ ದಿನ ನೀವು ಅಂಗಡಿಯ ಸಾಲಿನಲ್ಲಿ ಇರಬಾರದು. ನಿಮ್ಮದು ಮೊದಲೇ ಆಗಿರಬೇಕು, ಅವತ್ತಿನ ಸಾಲು ಇಲ್ಲದವರಿಗಿರಲಿ. ಪಕ್ಕದ ಮನೆಯ ಒಂಟಿ ಅಜ್ಜಿಯ ಡಬ್ಬಿಯನ್ನೂ ಒಮ್ಮೆ ತೆಗೆದು ನೋಡಿ, ಕಡಿಮೆ ಇದ್ದರೆ ನಿಮ್ಮದರಿಂದ ಒಂದು ಸೇರು ಹಾಕಿ ಬನ್ನಿ. ಯಾವುದಾದರೂ ಅಂಗಡಿಯವರು ಮಾಲು ಬಚ್ಚಿಟ್ಟು ದರ ಏರಿಸಿದರೆ ಜಗಳಕ್ಕೆ ನಿಲ್ಲದೆ ತಹಶೀಲ್ದಾರರ ಕಚೇರಿಗೆ ತಿಳಿಸಿ. 1955ರ ಅಗತ್ಯ ವಸ್ತುಗಳ ಕಾಯ್ದೆ ಇರುವುದೇ ಇಂಥದ್ದಕ್ಕೆ. ಮತ್ತೆ, ವಾಟ್ಸಾಪಿನಲ್ಲಿ ಬಂದ ‘ಡ್ಯಾಂ ಒಡೆಯಿತಂತೆ’ ಎಂಬ ಸುದ್ದಿಯನ್ನು ನೂರು ಜನಕ್ಕೆ ಕಳಿಸುವ ಮೊದಲು ಆಡಳಿತ ಏನು ಹೇಳಿದೆ ಎಂದು ನೋಡಿ. ಊರೆಲ್ಲ ಒಮ್ಮೆಗೇ ಅಂಗಡಿಗೆ ನುಗ್ಗುವುದು ಇಂಥ ಸುದ್ದಿಯಿಂದಲೇ.

ಸೇತುವೆಯ ಮೇಲೆ ನೀರು ಹರಿಯುವಾಗ ಅದನ್ನು ದಾಟುವ, ಅಂಚಿಗೆ ನಿಂತು ಫೋಟೊ ಹೊಡೆಯುವ ಸಾಹಸ ಯಾರೂ ಮಾಡಬೇಡಿ. ಆಚೆ ದಡದಲ್ಲಿರುವುದು ಒಂದು ಚೀಲ ಅಕ್ಕಿಯೇ ಆಗಿದ್ದರೂ ಅದಕ್ಕೆ ಪ್ರಾಣದ ಬೆಲೆ ಕೊಡಬೇಕಿಲ್ಲ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಪಹಣಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರ ಎತ್ತರದಲ್ಲಿ ತೂಗುಹಾಕಿ. ಮನೆ ಬಿಡಿ ಎಂದು ಡಂಗುರ ಸಾರಿದರೆ ಆ ಚೀಲ, ಮಾತ್ರೆ, ರೊಟ್ಟಿಯ ಗಂಟು ಹಿಡಿದು ಹೊರಡಿ, ಪಾತ್ರೆಪಡಗದ ಮೋಹ ಬೇಡ.

ಶ್ರಾವಣ ಕಳೆಯಿತು, ಇನ್ನು ಭಯವಿಲ್ಲ ಎಂದು ಗಣೇಶನ ಹಬ್ಬಕ್ಕೇ ಡಬ್ಬಿಗಳನ್ನು ಬರಿದು ಮಾಡಬೇಡಿ. 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ. ದೀಪಾವಳಿಯವರೆಗೆ ದಾಸ್ತಾನು ಹಾಗೇ ಇರಲಿ. ಅಷ್ಟರ ಮೇಲೆ ಉಳಿದ ಬೇಳೆ, ಜೋಳವನ್ನು ಹಬ್ಬದ ಅಡುಗೆಗೆ ಬಳಸಿ ಮುಗಿಸಿ, ಡಬ್ಬಿಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿ.