ಭದ್ರತಾ ಚಿಪ್‌ನ ಚಾಲಕ ತಂತ್ರಾಂಶ: ಬದಲಾವಣೆಗಳ ಪರಿಶೀಲನೆ

ಗಣಕಯಂತ್ರವನ್ನು ಚಾಲೂ ಮಾಡಿದ ಕ್ಷಣದಿಂದ ತೆರೆಯ ಮೇಲೆ ಹೆಸರು, ಗುಪ್ತಪದಗಳನ್ನು ಕೇಳುವವರೆಗಿನ ಅಲ್ಪಾವಧಿಯಲ್ಲಿ ಬಳಕೆದಾರರ ಕಣ್ಣಿಗೆ ಬೀಳದ ಹಲವು ತಂತ್ರಾಂಶಗಳು ಒಂದಾದ ಮೇಲೊಂದರಂತೆ ಕೆಲಸ ಮಾಡುತ್ತವೆ. ಅವುಗಳಲ್ಲಿ ಯಾವುದೊಂದನ್ನು ಯಾರಾದರೂ ಮೊದಲೇ ತಿದ್ದಿಟ್ಟಿದ್ದರೆ, ಆಮೇಲೆ ಹಾಕುವ ಗುಪ್ತಪದ ಎಷ್ಟೇ ಕಠಿಣವಾಗಿದ್ದರೂ ಪ್ರಯೋಜನವಾಗದು. ಈ ಕೊರತೆಯನ್ನು ನೀಗಿಸಲೆಂದು ರೂಪಿಸಲಾದ ಸಾಧನವೇ ಟ್ರಸ್ಟೆಡ್ ಪ್ಲಾಟ್‌ಫಾರ್ಮ್ ಮಾಡ್ಯೂಲ್, ಸಂಕ್ಷೇಪವಾಗಿ ಟಿ.ಪಿ.ಎಂ. ಇದರ ಮಾನಕಗಳನ್ನು 2003ರಲ್ಲಿ ಸ್ಥಾಪಿತವಾದ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಎಂಬ ಉದ್ಯಮ ಒಕ್ಕೂಟವು ನಿರ್ಧರಿಸುತ್ತದೆ. ಎರಡನೆಯ ಪೀಳಿಗೆಯ ಮಾನಕವಾದ ಟಿ.ಪಿ.ಎಂ. 2.0 ಪ್ರಕಟವಾದದ್ದು 2014ರಲ್ಲಿ. 2021ರ ಅಕ್ಟೋಬರ್‌ನಲ್ಲಿ ಹೊರಬಂದ ವಿಂಡೋಸ್ 11 ಇದನ್ನು ಕಡ್ಡಾಯಗೊಳಿಸಿದ ಮೇಲೆ ಸಾಮಾನ್ಯ ಬಳಕೆದಾರರಿಗೂ ಇದರ ಹೆಸರು ಪರಿಚಿತವಾಯಿತು.

ಟಿ.ಪಿ.ಎಂ. ಮಾಡುವ ಕೆಲಸಗಳು ಹಲವು. ರಹಸ್ಯ ಕೀಲಿಗಳನ್ನು ತನ್ನಲ್ಲಿಯೇ ಕಾಪಾಡುವುದು, ಊಹಿಸಲಾಗದ ಸಂಖ್ಯೆಗಳನ್ನು ಉತ್ಪಾದಿಸುವುದು ಇವುಗಳಲ್ಲಿ ಸೇರಿವೆ. ಆದರೆ ಇದರ ವೈಶಿಷ್ಟ್ಯವಿರುವುದು ‘ಅಳತೆ’ಯಲ್ಲಿ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ಒಯ್ಯುವ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ಯಂತ್ರ ಚಾಲೂ ಆಗುವಾಗ ಪ್ರತಿಯೊಂದು ತಂತ್ರಾಂಶದ ಬೆರಳಚ್ಚಿನಂತಹ ಸಾರಸಂಖ್ಯೆಯನ್ನು ತೆಗೆದು, ಅದನ್ನು ಹಿಂದಿನ ಮೌಲ್ಯದೊಡನೆ ಸೇರಿಸಿ, ಎರಡರಿಂದಲೂ ಹೊಸ ಸಾರಸಂಖ್ಯೆಯನ್ನು ಲೆಕ್ಕ ಹಾಕಿ ಚಿಪ್‌ನ ದಾಖಲೆಯಲ್ಲಿ ಇಡಲಾಗುತ್ತದೆ. ಈ ದಾಖಲೆಯಲ್ಲಿ ಹೊಸದನ್ನು ಕೂಡಿಸಬಹುದು. ಬೇಕಾದ ಮೌಲ್ಯವನ್ನು ನೇರವಾಗಿ ಬರೆಯಲು ಬರುವುದಿಲ್ಲ. ಒಂದು ಹಂತದಲ್ಲಿ ಒಂದು ಅಕ್ಷರ ಬದಲಾದರೂ ಕೊನೆಯ ಮೊತ್ತ ಬೇರೆಯಾಗುತ್ತದೆ. ಆಗ ಆ ಮೊತ್ತಕ್ಕೆ ಬಿಗಿದಿಟ್ಟ ಕೀಲಿಯನ್ನು ಚಿಪ್ ಹೊರಗೆ ಕೊಡುವುದಿಲ್ಲ.

ಇಂತಹ ಚಿಪ್‌ನೊಡನೆ ಮಾತನಾಡಲು ಕಾರ್ಯಾಚರಣ ವ್ಯವಸ್ಥೆಗೆ ಒಬ್ಬ ದುಭಾಷಿ ಬೇಕು. ಅದೇ ಚಾಲಕ ತಂತ್ರಾಂಶ, ಅಂದರೆ ಡ್ರೈವರ್. ಲಿನಕ್ಸ್ ಕರ್ನೆಲ್‌ನಲ್ಲಿ ಟಿ.ಪಿ.ಎಂ. ಡ್ರೈವರ್ 2005ರಿಂದಲೂ ಇದೆ, ಟಿ.ಪಿ.ಎಂ. 2.0ರ ಬೆಂಬಲ ಸೇರಿದ್ದು 2015ರಲ್ಲಿ ಹೊರಬಂದ 4.0 ಆವೃತ್ತಿಯಲ್ಲಿ. ಲಿನಕ್ಸ್‌ನ ಮೂಲಪಾಠ ಎಲ್ಲರಿಗೂ ಮುಕ್ತವಾದುದರಿಂದ ಬದಲಾವಣೆಯನ್ನು ಯಾರು ಬೇಕಾದರೂ ಸೂಚಿಸಬಹುದು. ಹಾಗೆಂದು ಅದು ತಾನಾಗಿ ಒಳಗೆ ಸೇರುವುದಿಲ್ಲ. ‘ಪ್ಯಾಚ್’ ಎನ್ನಲಾಗುವ ಪ್ರತಿಯೊಂದು ತಿದ್ದುಪಡಿಯನ್ನೂ ಆ ವಿಭಾಗದ ಉಸ್ತುವಾರಿ ಹೊತ್ತವರು ಓದಿ, ಪ್ರಶ್ನೆ ಕೇಳಿ, ಬೇಕಾದರೆ ಹಿಂತಿರುಗಿಸಿ, ಒಪ್ಪಿಗೆಯಾದ ಮೇಲಷ್ಟೇ ಸ್ವೀಕರಿಸುತ್ತಾರೆ. ಬರೆದವರು, ಪರಿಶೀಲಿಸಿದವರು, ಪರೀಕ್ಷಿಸಿದವರು ಇವರ ಹೆಸರುಗಳು ತಿದ್ದುಪಡಿಯ ಟಿಪ್ಪಣಿಯಲ್ಲಿ ಶಾಶ್ವತವಾಗಿ ಉಳಿಯುತ್ತವೆ. ಇಲ್ಲಿ ಒಪ್ಪಿಗೆ ಪಡೆದ ಸಾಲುಗಳು ಡೆಬಿಯನ್‌ನಂತಹ ವಿತರಣೆಗಳ ಮೂಲಕ ದೂರದೂರಕ್ಕೆ ಸಾಗುತ್ತವೆ. ಚೆನ್ನೈಯಲ್ಲಿ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಬಾಸ್’ ವಿತರಣೆಯೂ ಡೆಬಿಯನ್ ಆಧಾರಿತವೇ ಆಗಿದೆ.

ಪರಿಶೀಲಕರು ನೋಡುವುದೇನನ್ನು?

ಮೊದಲನೆಯದಾಗಿ, ಚಿಪ್ ಹೇಳಿದ್ದನ್ನೆಲ್ಲ ಡ್ರೈವರ್ ನಂಬಿಬಿಡುತ್ತದೆಯೇ ಎಂಬುದು. ಟಿ.ಪಿ.ಎಂ. ಕೊಡುವ ಪ್ರತಿ ಉತ್ತರವೂ 10 ಬೈಟ್‌ಗಳ ತಲೆಬರಹದಿಂದ ಆರಂಭವಾಗುತ್ತದೆ: ಗುರುತಿಗೆ 2, ಒಟ್ಟು ಉದ್ದಕ್ಕೆ 4, ಫಲಿತಾಂಶದ ಸಂಕೇತಕ್ಕೆ 4. ಚಿಪ್ ತನ್ನ ಉತ್ತರ ಇಷ್ಟು ಉದ್ದವಿದೆ ಎಂದು ಹೇಳಿದರೆ, ಅಷ್ಟು ಜಾಗ ಡ್ರೈವರ್ ಬಳಿ ಇದೆಯೇ? ನಿಜವಾಗಿ ಬಂದದ್ದು ಅಷ್ಟೇ ಉದ್ದವಿದೆಯೇ? ಇದು ಅತಿಶಂಕೆಯಲ್ಲ. 2023ರಲ್ಲಿ ಬೆಳಕಿಗೆ ಬಂದ ಎರಡು ದೋಷಗಳು ಟಿ.ಪಿ.ಎಂ. 2.0ರ ಮಾದರಿ ಸಂಕೇತದಲ್ಲಿಯೇ, ಅಂದರೆ ಚಿಪ್‌ನ ಕಡೆಯಲ್ಲಿಯೇ ಇದ್ದವು; ಆದೇಶದ ಕೊನೆಯಿಂದಾಚೆಗೆ ಕೇವಲ 2 ಬೈಟ್‌ಗಳನ್ನು ಓದಲು ಅಥವಾ ಬರೆಯಲು ಅವು ಎಡೆ ಮಾಡಿಕೊಡುತ್ತಿದ್ದವು.

ಎರಡನೆಯದು ಕಾಲದ ವಿಚಾರ. ಕೆಲವು ಆದೇಶಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಹೊಸ ಕೀಲಿಯನ್ನು ಸೃಷ್ಟಿಸುವ ಆದೇಶಕ್ಕೆ ಲಿನಕ್ಸ್ ಡ್ರೈವರ್ ಬಹಳ ಹೆಚ್ಚು ಹೊತ್ತು ಕಾಯುತ್ತದೆ. ಗಡುವು ಕಡಿಮೆಯಾದರೆ ಸುಸ್ಥಿತಿಯಲ್ಲಿರುವ ಚಿಪ್ಪೂ ಕೆಟ್ಟುಹೋಗಿದೆಯೆಂದು ತೀರ್ಮಾನವಾಗುತ್ತದೆ. ಬೀಗ ಹಾಕಿದ ಮೇಲೆ ಎಲ್ಲ ದಾರಿಗಳಲ್ಲಿಯೂ, ವಿಶೇಷವಾಗಿ ತಪ್ಪು ಸಂಭವಿಸಿದ ದಾರಿಯಲ್ಲಿ, ಬೀಗ ತೆಗೆಯಲಾಗಿದೆಯೇ ಎಂಬುದನ್ನೂ ನೋಡಬೇಕು. ಲ್ಯಾಪ್‌ಟಾಪ್ ನಿದ್ರಾಸ್ಥಿತಿಗೆ ಹೋಗುವ ಕ್ಷಣದಲ್ಲಿ ಇನ್ನೊಂದು ಕಾರ್ಯ ಚಿಪ್‌ಗೆ ಆದೇಶ ಕಳುಹಿಸುತ್ತಿದ್ದರೆ ಏನಾಗುವುದೆಂಬುದು ಪರೀಕ್ಷೆಯಲ್ಲಿ ಸುಲಭವಾಗಿ ಕಾಣಿಸದು. ಸಾಲುಗಳನ್ನು ತಾಳ್ಮೆಯಿಂದ ಓದಿಯೇ ಕಂಡುಕೊಳ್ಳಬೇಕಾಗುತ್ತದೆ.

ತೊದಲಿದ ಯಂತ್ರಗಳ ಪ್ರಕರಣ

ಡ್ರೈವರ್‌ನಲ್ಲಿ ಒಂದು ಸಾಲನ್ನೂ ಮುಟ್ಟದೆ ಡ್ರೈವರ್‌ನ ನಡವಳಿಕೆ ಬದಲಾಗಬಹುದೆಂಬುದಕ್ಕೆ ಎ.ಎಂ.ಡಿ. ಸಂಸ್ಕಾರಕಗಳ ಪ್ರಕರಣ ನಿದರ್ಶನವಾಗಿದೆ. ಈ ಸಂಸ್ಕಾರಕಗಳಲ್ಲಿ ಟಿ.ಪಿ.ಎಂ. ಪ್ರತ್ಯೇಕ ಚಿಪ್ ಆಗಿರದೆ, ಸಂಸ್ಕಾರಕದೊಳಗೇ ನಡೆಯುವ ಫರ್ಮ್‌ವೇರ್ ರೂಪದಲ್ಲಿರುವುದುಂಟು. ಅದು ಮುಖ್ಯ ಫಲಕದ ಮೇಲಿರುವ ಫ್ಲ್ಯಾಶ್ ಸ್ಮೃತಿಯೊಡನೆ ದೀರ್ಘ ವ್ಯವಹಾರ ನಡೆಸುವಾಗ ಕೆಲವು ಯಂತ್ರಗಳು ಕ್ಷಣಕಾಲ ತಡವರಿಸುತ್ತವೆ ಎಂದು ಸಂಸ್ಥೆಯೇ 2022ರಲ್ಲಿ ಪ್ರಕಟಿಸಿತು. ಪರಿಹಾರವಾಗಿ ಹೊಸ ಫರ್ಮ್‌ವೇರ್ ಸಿದ್ಧವಾಯಿತು. ಆದರೆ ಅದನ್ನು ಬಳಕೆದಾರರಿಗೆ ತಲುಪಿಸುವುದು ಯಂತ್ರ ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಲಿನಕ್ಸ್ 6.1 ಹೊರಬಂದಿತು. ಅದರಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಸಂಗ್ರಹಿಸುವ ಬೇರೊಂದು ವಿಭಾಗದಲ್ಲಿ ಒಂದು ಬದಲಾವಣೆಯಾಗಿತ್ತು: ಪೂರ್ಣ ವಿಶ್ವಾಸ ಗಳಿಸದ ಮೂಲಗಳಿಂದಲೂ ಸಂಖ್ಯೆಗಳನ್ನು ತಾನಾಗಿ ಪಡೆಯುತ್ತಿರಬೇಕೆಂಬುದು ಅದರ ಆಶಯ. ಪ್ರತ್ಯೇಕವಾಗಿ ನೋಡಿದರೆ ಅದರಲ್ಲಿ ದೋಷವೇನೂ ಇರಲಿಲ್ಲ. ಪರಿಣಾಮವಾಗಿ ಕರ್ನೆಲ್ ಟಿ.ಪಿ.ಎಂ. ಅನ್ನು ಪದೇ ಪದೇ ಎಬ್ಬಿಸತೊಡಗಿತು; ಅಪರೂಪವಾಗಿದ್ದ ತೊದಲುವಿಕೆ ನಿತ್ಯದ ಗೋಳಾಯಿತು. ಧ್ವನಿ ತುಂಡಾಗುವುದು, ತೆರೆ ಸ್ತಬ್ಧವಾಗುವುದು ಇಂತಹ ದೂರುಗಳು ಬಂದಾಗ, ಭದ್ರತಾ ಚಿಪ್ ಇದಕ್ಕೆ ಕಾರಣವೆಂದು ಬಳಕೆದಾರರಿಗೆ ತೋಚುವುದು ಕಷ್ಟವೇ ಸರಿ.

2023ರಲ್ಲಿ ಬಂದ ಮೊದಲ ತಿದ್ದುಪಡಿ, ದೋಷಯುಕ್ತವೆಂದು ತಿಳಿದ ಫರ್ಮ್‌ವೇರ್ ಆವೃತ್ತಿಗಳಲ್ಲಿ ಮಾತ್ರ ಈ ಸಂಖ್ಯಾಮೂಲವನ್ನು ಕೈಬಿಟ್ಟಿತು. ದೂರುಗಳು ನಿಲ್ಲಲಿಲ್ಲ. ಸರಿಪಡಿಸಲಾಗಿದೆ ಎಂದು ಹೇಳಿಕೊಳ್ಳುವ ಆವೃತ್ತಿಗಳಲ್ಲಿಯೂ ತೊಂದರೆ ಮುಂದುವರಿಯಿತು. ಸಂಸ್ಕಾರಕದಲ್ಲಿಯೇ ಯಾದೃಚ್ಛಿಕ ಸಂಖ್ಯೆಗಳಿಗೆ ಆದೇಶವಿರುವಾಗ ಈ ಮೂಲವೇಕೆ ಬೇಕೆಂದು ಲಿನಸ್ ಟೋರ್ವಾಲ್ಡ್ಸ್ ಅವರೂ ಪ್ರಶ್ನಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಎರಡನೆಯ ತಿದ್ದುಪಡಿಯು ಎ.ಎಂ.ಡಿ.ಯ ಎಲ್ಲ ಫರ್ಮ್‌ವೇರ್ ಟಿ.ಪಿ.ಎಂ.ಗಳಲ್ಲಿಯೂ ಇದನ್ನು ನಿಲ್ಲಿಸಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಟಿ.ಪಿ.ಎಂ. ತಯಾರಕರು ಯಾರೆಂದು ತಿಳಿಯಲು ಈ ತಿದ್ದುಪಡಿಯು ಚಿಪ್ ಅನ್ನೇ ಕೇಳುತ್ತಿತ್ತು. ಇಂಟೆಲ್‌ನ ಕೆಲವು ಫರ್ಮ್‌ವೇರ್ ಟಿ.ಪಿ.ಎಂ.ಗಳು ಯಂತ್ರ ಚಾಲೂ ಆಗುವ ಹೊತ್ತಿನಲ್ಲಿ ಆ ಪ್ರಶ್ನೆಗೆ ಸರಿಯಾದ ಉತ್ತರ ನೀಡಲಿಲ್ಲ. ಎ.ಎಂ.ಡಿ.ಗಾಗಿ ಬರೆದ ಪರಿಹಾರದಿಂದ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಟಿ.ಪಿ.ಎಂ. ಕಾಣದಂತಾಯಿತು! ಮೂರನೆಯ ತಿದ್ದುಪಡಿ ಚಿಪ್ ಅನ್ನು ಕೇಳುವುದನ್ನೇ ಬಿಟ್ಟು, ಸಂಸ್ಕಾರಕದ ತಯಾರಕರನ್ನು ಗಮನಿಸಿ ನಿರ್ಧರಿಸಿತು. ಮೈಕ್ರೋಸಾಫ್ಟ್‌ನ ಪ್ಲೂಟಾನ್ ಇರುವ ಎ.ಎಂ.ಡಿ. ಯಂತ್ರಗಳಿಗೆ ವಿನಾಯಿತಿ ಕೊಟ್ಟಿತು. ಸಂಖ್ಯಾಮೂಲವನ್ನು ಕೈಬಿಟ್ಟಾಗ ಆಡಳಿತಗಾರರಿಗೆ ತಿಳಿಯುವಂತೆ ಕರ್ನೆಲ್‌ನ ದಾಖಲೆಯಲ್ಲಿ ಒಂದು ಸಂದೇಶವನ್ನೂ ಮುದ್ರಿಸಿತು.

ಫರ್ಮ್‌ವೇರ್ ನವೀಕರಿಸಲು ಮುಂದಾಗುವವರು ಒಂದು ಅಂಶವನ್ನು ಗಮನಿಸಬೇಕು. ಫರ್ಮ್‌ವೇರ್ ಬದಲಾದಾಗ ಮೇಲೆ ಹೇಳಿದ ‘ಅಳತೆ’ಯ ಮೊತ್ತವೂ ಬದಲಾಗಬಹುದು, ಆಗ ಬಿಟ್‌ಲಾಕರ್‌ನಿಂದ ರಕ್ಷಿತವಾದ ಡಿಸ್ಕ್ ತೆರೆಯದೆ, 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳುತ್ತದೆ. ಆದುದರಿಂದ ನವೀಕರಣಕ್ಕೆ ಮೊದಲು ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿದು, ಆ ಕೀಲಿಯನ್ನು ಅದೇ ಯಂತ್ರದಲ್ಲಲ್ಲದೆ ಬೇರೆಡೆ ಬರೆದಿಟ್ಟುಕೊಳ್ಳುವುದು ಅವಶ್ಯ.