ಟ್ಯಾಂಕು ಹೊಸದು, ಪೈಪು ಹಳೆಯದೇ?

ನಿಡಗುಂದಿ, ಆಲಮಟ್ಟಿ ಸೀಮೆಯ ಹೊಲದ ದಾರಿಗಳಲ್ಲಿ ಹಳೆಯ ಡೀಸೆಲ್ ಜೀಪನ್ನು ಇನ್ನೂ ಜೋಪಾನ ಮಾಡಿಕೊಂಡು ಬಂದವರೇ, ಒಂದು ಮಾತು ಕೇಳಿ. ಟ್ಯಾಂಕು ತುಕ್ಕು ಹಿಡಿದು ಸೋರಿದರೆ ಹೊಸದನ್ನು ಕೂರಿಸಿ, ಹಳೆಯ ಪೈಪುಗಳನ್ನೇ ಸಿಕ್ಕಿಸಿಬಿಡುತ್ತೀರಿ. ಅಲ್ಲೇ ತಪ್ಪುವುದು. ಹಳೆಯ ರಬ್ಬರ್ ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ, ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಅಲ್ಲಿಂದ ಡೀಸೆಲ್ ಹನಿಯದಿದ್ದರೂ ಗಾಳಿ ಒಳಸೇರುತ್ತದೆ. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ನೀರಿನ ಪೈಪಿನ ತುಂಡು ಹಾಕಬೇಡಿ, ಡೀಸೆಲ್ ತಾಗಿ ಹಾಳಾಗುತ್ತದೆ. ಡೀಸೆಲ್‌ಗೆಂದೇ ಮಾಡಿದ ಪೈಪು ಕೇಳಿ ತನ್ನಿ. ರಿಟರ್ನ್ ಪೈಪನ್ನು ಮರೆಯಬೇಡಿ. ಸೈಲೆನ್ಸರಿನಿಂದ ದೂರ ಹಾಯಿಸಿ, ಚಾಸಿಗೆ ಕ್ಲಿಪ್ ಹಾಕಿ ಬಿಗಿಯಿರಿ. ತೂಗಾಡುವ ಪೈಪು ಕುಲುಕಾಟಕ್ಕೆ ಉಜ್ಜಿ ತೂತಾಗುತ್ತದೆ. ಫಿಲ್ಟರನ್ನೂ ಬದಲಿಸಿ, ಕೈಪಂಪು ಒತ್ತಿ ಏರ್ ತೆಗೆಯಿರಿ.

ಇನ್ನೊಂದು ಮಾತು. ಹಳೆಯ ಟ್ಯಾಂಕನ್ನು ವೆಲ್ಡಿಂಗಿಗೆ ಒಯ್ಯುವ ಆಸೆ ಬಿಡಿ. ಖಾಲಿ ಟ್ಯಾಂಕಿನೊಳಗೆ ಉಳಿದ ಆವಿಗೆ ಕಾವು ತಾಗಿದರೆ ಅದು ಸಿಡಿದೀತು. ಹಳೆಯ ಸಿಜೆ-3ಬಿ ಜೀಪಿನಲ್ಲಂತೂ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೇ. ನಾಲ್ಕು ಕಾಸು ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳಬೇಡಿ.