ಅಂಗಡಿಗೊಂದು ಜಾಲತಾಣ: ಕಟ್ಟುವವರನ್ನು ಗೊತ್ತುಮಾಡುವ ಬಗೆ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟೊಂದರ ತಡೆಯೂ ಇಲ್ಲದೆ ಹರಿದುಬರುವ ಅಘನಾಶಿನಿಯು ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತದೆ. ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯ ಅಂಚಿನ ತಗ್ಗು ಭೂಮಿಗೆ ಗಜನಿ ಎಂದು ಹೆಸರು. ಉಬ್ಬರದ ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ, ಸಾಮಾನ್ಯ ಭತ್ತ ಬದುಕಲಾರದ ಕಡೆ, ಕಗ್ಗವೆಂಬ ಭತ್ತವು ಬೆಳೆಯುತ್ತದೆ. ಅದರ ಅಕ್ಕಿ ಕೆಂಪು. ಅದಕ್ಕೆ ಅದರದೇ ಆದ ರುಚಿಯುಂಟು.

ಕುಮಟೆಯ ಸಿಹಿ ಈರುಳ್ಳಿಗೆ ಪ್ರಚಾರವೇ ಬೇಡ. ಬೇಸಗೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಗೊಂಚಲುಗಟ್ಟಿ ತೂಗಹಾಕಿದರಾಯಿತು, ಹೋಗುವ ವಾಹನಗಳು ತಾವಾಗಿಯೇ ನಿಲ್ಲುತ್ತವೆ. ಕಗ್ಗದ ಅಕ್ಕಿಗೆ ಇಂತಹ ಹೆದ್ದಾರಿಯಿಲ್ಲ. ಅದನ್ನು ಬಯಸುವವನು ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಕುಳಿತಿರುತ್ತಾನೆ, ಮಾರುವವನು ಹಳ್ಳಿಯಲ್ಲಿರುತ್ತಾನೆ. ಇಂತಹ ವ್ಯಾಪಾರಿಯೊಬ್ಬನು ಜಾಲತಾಣವನ್ನು ಮಾಡಿಸಲು ಹೊರಟಿದ್ದಾನೆಂದು ಭಾವಿಸೋಣ. ಅವನು ಯಾರನ್ನು ಗೊತ್ತುಮಾಡಿಕೊಳ್ಳಬೇಕು? ಏನನ್ನು ಕೇಳಬೇಕು? ಈ ಪ್ರಶ್ನೆಗಳಿಗೆ ಉತ್ತರವು ವ್ಯಾಪಾರದ ಚಾತುರ್ಯಕ್ಕಿಂತ ಹೆಚ್ಚಾಗಿ ವಿಷಯದ ತಿಳಿವಳಿಕೆಯಿಂದ ಬರುತ್ತದೆ. ಮನೆಯಲ್ಲಿ ಅಂಗಡಿಯೋ ಉಪ್ಪಿನಕಾಯಿಯ ಉದ್ಯೋಗವೋ ಇರುವ ವಿದ್ಯಾರ್ಥಿಗಳಿಗೆ ಇದನ್ನು ಹಿರಿಯರ ಪರವಾಗಿ ವಿಚಾರಿಸುವ ಸಂದರ್ಭ ಬಂದೇ ಬರುತ್ತದೆ.

ಮೊದಲು ಜಾಲತಾಣವೆಂದರೇನೆಂಬುದನ್ನು ನೋಡೋಣ. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಎಂಬವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1991ರಲ್ಲಿ ಮೊದಲನೆಯ ತಾಣವು ಲೋಕಕ್ಕೆ ತೆರೆಯಿತು. 1993ರಲ್ಲಿ ಸರ್ನ್ ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಇದರಲ್ಲಿ ಮೂರು ಬೇರೆ ಬೇರೆ ವಸ್ತುಗಳು ಸೇರಿವೆ. ಪುಟಗಳು ಒಂದು, ಆ ಪುಟಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಕಳುಹಿಸುವ ಸರ್ವರ್ ಎಂಬ ಯಂತ್ರ ಇನ್ನೊಂದು, ಡೊಮೇನ್ ಎಂದು ಕರೆಯುವ ವಿಳಾಸದ ಹೆಸರು ಮತ್ತೊಂದು. ಯಂತ್ರಗಳು ಪರಸ್ಪರ ಗುರುತಿಸುವುದು ಅಂಕೆಗಳಿಂದ. ಮನುಷ್ಯನಿಗೆ ಅಂಕೆಗಳು ನೆನಪಿನಲ್ಲಿ ನಿಲ್ಲುವುದಿಲ್ಲವಾದುದರಿಂದ, ಹೆಸರನ್ನು ಅಂಕೆಗೆ ಪರಿವರ್ತಿಸಿಕೊಡುವ ಒಂದು ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ರೂಪಿಸಿದರು.

ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಮೋಸ ಹೋಗುವುದು. ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗುವುದಿಲ್ಲ. ಅದು ಗೇಣಿಯಂತೆ: ಒಂದು ವರ್ಷಕ್ಕೋ, ಹೆಚ್ಚೆಂದರೆ ಹತ್ತು ವರ್ಷಕ್ಕೋ ನೋಂದಾಯಿಸಿ, ಅವಧಿ ತೀರುವ ಮುನ್ನ ನವೀಕರಿಸಬೇಕು. ನೋಂದಣಿಯು ಯಾರ ಹೆಸರಿನಲ್ಲಿದೆಯೋ ಅವರೇ ಗೇಣಿದಾರರು. ನಮ್ಮ ಪರಿಚಿತರೊಬ್ಬರು ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಮಾರುತ್ತಿದ್ದರು. ತಾಣವನ್ನು ಕಟ್ಟಿಕೊಟ್ಟ ತರುಣನು ಡೊಮೇನನ್ನು ತನ್ನ ಹೆಸರಿನಲ್ಲಿ, ತನ್ನ ಮಿಂಚಂಚೆಯ ವಿಳಾಸ ಕೊಟ್ಟು ನೋಂದಾಯಿಸಿದ್ದನು. ಅವನಿಗೆ ಕೆಟ್ಟ ಉದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಕೆಲಸ ಬೇಗನೆ ಮುಗಿಯಲೆಂದು ಹಾಗೆ ಮಾಡಿರಬಹುದು. ಎರಡು ವರ್ಷಗಳ ಮೇಲೆ ಅವನು ಬೇರೆ ಊರಿಗೆ ಹೋದನು. ನವೀಕರಿಸಿರೆಂಬ ಸೂಚನೆಗಳೆಲ್ಲವೂ ಅವನು ಎಂದೋ ನೋಡುವುದನ್ನು ಬಿಟ್ಟಿದ್ದ ಅಂಚೆಗೆ ಹೋದವು. ಅವಧಿ ತೀರಿತು, ಬಳಿಕ ಸಿಗುವ ಕೆಲವು ವಾರಗಳ ರಿಯಾಯಿತಿಯೂ ತೀರಿತು, ಹೆಸರು ಅನ್ಯರ ಪಾಲಾಯಿತು. ಇವರ ಕೈಯಲ್ಲಿ ಉಳಿದದ್ದು ಆ ವಿಳಾಸವನ್ನು ಮುದ್ರಿಸಿದ ಚೀಟಿಗಳ ಕಟ್ಟು ಮಾತ್ರ.

ಆದಕಾರಣ ಹೆಸರನ್ನು ವ್ಯಾಪಾರಿಯೇ, ತನ್ನ ಮಿಂಚಂಚೆ ಮತ್ತು ತನ್ನ ದೂರವಾಣಿ ಸಂಖ್ಯೆಯನ್ನು ಕೊಟ್ಟು, ಮೊದಲೇ ನೋಂದಾಯಿಸಿಕೊಳ್ಳತಕ್ಕದ್ದು. ಡಾಟ್ ಇನ್ ಎಂದು ಮುಗಿಯುವ ಹೆಸರುಗಳು 2005ರಿಂದ ಸಾಮಾನ್ಯರಿಗೆ ಸುಲಭವಾಗಿ ದೊರೆಯುತ್ತಿವೆ. ವಿನ್ಯಾಸಕಾರನಿಗೆ ಬೇಕಾದ ಪ್ರವೇಶವನ್ನು ಆಮೇಲೆ ಕೊಟ್ಟರಾಯಿತು. ಹೆಸರಿನ ಅವಧಿ ಎಂದು ತೀರುವುದೆಂಬುದನ್ನು ನೋಂದಣಿಯ ಸಾರ್ವಜನಿಕ ದಾಖಲೆಯಲ್ಲಿ ಸಾಮಾನ್ಯವಾಗಿ ಯಾರು ಬೇಕಾದರೂ ನೋಡಬಹುದು.

ಎರಡನೆಯದು ಅಕ್ಷರದ ಪ್ರಶ್ನೆ. ಇದು ನಮಗೆ ಕನ್ನಡಿಗರಿಗೆ ವಿಶೇಷವಾದದ್ದು, ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ತಿಳಿಯುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿಕೊಟ್ಟ ಯೂನಿಕೋಡ್ ಎಂಬ ಒಪ್ಪಂದದಲ್ಲಿ 'ಕ'ಕಾರಕ್ಕೆ 3221, 'ಗ'ಕಾರಕ್ಕೆ 3223, ಒತ್ತಕ್ಷರವನ್ನು ಕೂಡಿಸುವ ವಿರಾಮ ಚಿಹ್ನೆಗೆ 3277 ಎಂದು ನಿಗದಿಯಾಗಿದೆ. 'ಕಗ್ಗ' ಎಂಬ ಶಬ್ದವು ಯಂತ್ರದಲ್ಲಿ 3221, 3223, 3277, 3223 ಎಂಬ ನಾಲ್ಕು ಸಂಖ್ಯೆಗಳ ಸಾಲು. ಯಾರಾದರೂ ಹುಡುಕುಯಂತ್ರದಲ್ಲಿ 'ಕಗ್ಗ' ಎಂದು ಬರೆದಾಗ ಇದೇ ಸಾಲನ್ನು ಲೋಕದ ಪುಟಗಳಲ್ಲಿ ಹುಡುಕಲಾಗುತ್ತದೆ.

ಆದರೆ ಮುದ್ರಣಾಲಯಗಳಲ್ಲಿ ಬಳಕೆಯಾದ ಹಳೆಯ ಅಕ್ಷರಶೈಲಿಗಳು ಹೀಗೆ ಕೆಲಸಮಾಡುವುದಿಲ್ಲ. ಅವು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರವನ್ನು ಹೊದಿಸಿದಂಥವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಮಾಲೆ. ಕರಪತ್ರಕ್ಕೆಂದು ಹಾಗೆ ಅಚ್ಚು ಜೋಡಿಸಿದ ಬರಹವನ್ನೇ ತಾಣಕ್ಕೆ ಅಂಟಿಸಿದರೆ, ಅಥವಾ ಕರಪತ್ರದ ಚಿತ್ರವನ್ನೇ ತೆಗೆದು ಹಾಕಿದರೆ, ಹುಡುಕುವವರಿಗೆ ಅದು ಸಿಗುವ ಭರವಸೆಯಿಲ್ಲ. ಪರೀಕ್ಷೆಯೂ ಸುಲಭ. ವಿನ್ಯಾಸಕಾರನು ಹಿಂದೆ ಮಾಡಿದ ತಾಣವೊಂದನ್ನು ತೆರೆದು, ಕನ್ನಡದ ಶಬ್ದವೊಂದನ್ನು ಬೆರಳಿನಿಂದ ಒತ್ತಿಹಿಡಿಯಿರಿ. ಶಬ್ದವು ಆಯ್ಕೆಯಾಗದಿದ್ದರೆ ಅದು ಬಹುಶಃ ಚಿತ್ರ. ಆಯ್ಕೆಯಾದುದನ್ನು ಬೇರೆ ಕಡೆ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದರೆ ಅದು ಹಳೆಯ ಅಕ್ಷರಶೈಲಿ. ಎರಡೂ ಸಂದರ್ಭಗಳಲ್ಲಿ ಬೇರೊಬ್ಬರನ್ನು ನೋಡುವುದು ಲೇಸು.

ಇನ್ನು ಭಾರದ ವಿಚಾರ. ಘಟ್ಟದ ಇಳಿಜಾರಿನ ಹಳ್ಳಿಗಳಲ್ಲಿ ಮೊಬೈಲಿನ ಸಂಕೇತವು ಎಷ್ಟು ಕ್ಷೀಣವೆಂಬುದು ಅಲ್ಲಿದ್ದವರಿಗೆಲ್ಲ ಅನುಭವಸಿದ್ಧ. ಫೋನಿನ ಕ್ಯಾಮೆರಾ ತೆಗೆದ ಚಿತ್ರದ ಅಗಲ 4000 ಬಿಂದುಗಳು, ಎತ್ತರ 3000 ಎಂದಿಟ್ಟುಕೊಂಡರೆ ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಾದುವು. ಒತ್ತಿ ಕುಗ್ಗಿಸಿದ ಮೇಲೂ ಇಂಥದೊಂದು ಚಿತ್ರವು ಸುಮಾರು 40 ಲಕ್ಷ ಬೈಟುಗಳಷ್ಟಿರಬಹುದು. ಬೈಟಿಗೆ ಎಂಟು ಬಿಟ್ಟುಗಳು. ಅಂದರೆ 3 ಕೋಟಿ 20 ಲಕ್ಷ ಬಿಟ್ಟುಗಳು. ಸೆಕೆಂಡಿಗೆ 20 ಲಕ್ಷ ಬಿಟ್ಟುಗಳನ್ನು ಒಯ್ಯುವ ಸಂಪರ್ಕದಲ್ಲಿ ಒಂದು ಚಿತ್ರಕ್ಕೆ 16 ಸೆಕೆಂಡು, ಆರು ಚಿತ್ರಗಳಿಗೆ ಒಂದೂವರೆ ನಿಮಿಷಕ್ಕೂ ಮಿಕ್ಕಿ ಕಾಲ ಹಿಡಿಯುತ್ತದೆ. ಅಷ್ಟು ಹೊತ್ತು ಯಾವ ಗಿರಾಕಿ ಕಾದಾನು! ಫೋನಿನ ಪರದೆಯ ಅಗಲವಾದರೋ ಸುಮಾರು 1080 ಬಿಂದುಗಳು ಮಾತ್ರ. ಅದಕ್ಕೆ ತಕ್ಕಂತೆ ಚಿತ್ರವನ್ನು ಇಳಿಸಿದರೆ ಬಿಂದುಗಳ ಸಂಖ್ಯೆ ಹದಿಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಚಿತ್ರವು 2 ಲಕ್ಷ ಬೈಟುಗಳಿಗೆ ಬಂದಿತೆಂದರೆ ಆರೂ ಸೇರಿ ಐದು ಸೆಕೆಂಡುಗಳೊಳಗೆ ಬಂದುಬಿಡುತ್ತವೆ. ಕಣ್ಣಿಗೆ ವ್ಯತ್ಯಾಸವೇ ತೋರದು. ಈ ಕೆಲಸಕ್ಕೆ ಬೇಕಾದ ಶ್ರಮ ಅತ್ಯಲ್ಪ. ಆದರೂ ಮಾಡದವರೇ ಬಹಳ. ಬೆಂಗಳೂರಿನ ಕಚೇರಿಯ ವೇಗದ ಸಂಪರ್ಕದಲ್ಲಿ ತಾಣವನ್ನು ತೋರಿಸಿ ಮೆಚ್ಚಿಸುವವರನ್ನು, ಮನೆಯ ಹಿತ್ತಲಿನಲ್ಲಿ ನಿಂತು ನಿಮ್ಮ ಫೋನಿನಲ್ಲಿಯೇ ತೆರೆಯುವಂತೆ ಕೇಳಬೇಕು.

ಹಣದ ಮಾತಿಗೆ ಬರೋಣ. ತಾಣಗಳನ್ನು ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶವು 2003ರಿಂದ ಉಚಿತವಾಗಿ ದೊರೆಯುತ್ತಿದೆ. ವಿನ್ಯಾಸಕಾರನಿಗೆ ನಾವು ಕೊಡುವುದು ಅವನ ದುಡಿಮೆಗೆ, ಅಭಿರುಚಿಗೆ. ಅದಕ್ಕೆ ನ್ಯಾಯವಾದ ಬೆಲೆ ಕೊಡಲೇಬೇಕು. ಅಗ್ಗವೆಂದು ಒಪ್ಪಿಕೊಂಡ ಕೆಲಸವು ಅರ್ಧಕ್ಕೆ ನಿಲ್ಲುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಹಣವನ್ನು ಒಮ್ಮೆಗೇ ಕೊಡದೆ ಕೆಲಸದ ಹಂತಕ್ಕೆ ತಕ್ಕಂತೆ ಕೊಡುವುದು ವಾಡಿಕೆ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿರದ ಕಾನೂನಿನ ಅಂಶವೊಂದುಂಟು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಮೇರೆಗೆ, ಸಂಬಳದ ನೌಕರನು ಕೆಲಸದ ಅಂಗವಾಗಿ ಮಾಡಿದ ಕೃತಿಯ ಹಕ್ಕು ಸಾಮಾನ್ಯವಾಗಿ ಧಣಿಯದು. ಆದರೆ ಹೊರಗಿನಿಂದ ಗುತ್ತಿಗೆಗೆ ಬಂದವನು ಬರೆದ ಬರಹ, ಬರೆದ ತಂತ್ರಾಂಶ ಇವುಗಳ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಅವನಲ್ಲಿಯೇ ಉಳಿಯುತ್ತದೆ. ಹಣ ಕೊಟ್ಟ ಮಾತ್ರಕ್ಕೆ ಅದು ನಮಗೆ ಬಾರದು. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಆಗಬೇಕೆಂದು 19ನೆಯ ಪ್ರಕರಣವು ವಿಧಿಸುತ್ತದೆ. ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆಯು ಐದು ವರ್ಷಕ್ಕೆ ಮಾತ್ರ ಎಂದು ಎಣಿಕೆ. ಒಂದು ಹಾಳೆಯ ಕರಾರುಪತ್ರ ಸಾಕು. ಅದರಲ್ಲಿ ಪುಟಗಳೆಷ್ಟು, ಎಂದು ಮುಗಿಯಬೇಕು, ಗುಪ್ತಪದಗಳು ಯಾರ ವಶ, ಪ್ರತಿಯೊಂದು ಕಡತದ ನಕಲು ವ್ಯಾಪಾರಿಗೆ ಯಾವಾಗ ಸಿಗಬೇಕು ಎಂಬುದಿರಲಿ.

ಎಲ್ಲ ಅಂಗಡಿಗೂ ಹತ್ತು ಪುಟಗಳ ತಾಣ ಬೇಕೆಂದು ನಮಗೆ ಅನಿಸುವುದಿಲ್ಲ. ಕಗ್ಗದ ವ್ಯಾಪಾರಿಗೆ ಒಂದೇ ಪುಟ ಸಾಕಾದೀತು: ಅಕ್ಕಿ ಎಲ್ಲಿಯದು, ಹೇಗೆ ಬೆಳೆದದ್ದು, ಈಗ ದಾಸ್ತಾನು ಇದೆಯೇ, ಕಿಲೋಗೆ ಬೆಲೆಯೆಷ್ಟು, ಯಾವ ಸಂಖ್ಯೆಗೆ ಕರೆಯಬೇಕು. ಆದರೆ ಬೆಲೆಯನ್ನೂ ದಾಸ್ತಾನನ್ನೂ ವ್ಯಾಪಾರಿ ತಾನೇ ಫೋನಿನಿಂದ ತಿದ್ದುವಂತಿರಬೇಕು. ವರ್ಷಕ್ಕೊಂದೇ ಬೆಳೆಯ ಸರಕು ಇದು. ಅಕ್ಕಿ ಮುಗಿದ ಮೇಲೂ 'ಲಭ್ಯವಿದೆ' ಎಂದು ಹೇಳುವ ತಾಣಕ್ಕೆ ಗಿರಾಕಿ ಎರಡನೆಯ ಸಲ ಬರುವುದಿಲ್ಲ.

ಉಪ್ಪಿನಕಾಯಿಯ ನಮ್ಮ ಪರಿಚಿತರು ಈಗ ಬೇರೊಂದು ಹೆಸರನ್ನು ಹತ್ತು ವರ್ಷಕ್ಕೆ ತಾವೇ ನೋಂದಾಯಿಸಿಕೊಂಡಿದ್ದಾರೆ. ಅವಧಿ ತೀರುವ ತಾರೀಖನ್ನು ಭರಣಿಗಳ ಕೋಣೆಯ ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಿದ್ದಾರೆ. ಹಳೆಯ ಚೀಟಿಗಳನ್ನು ಎಸೆಯಲು ಮನಸ್ಸು ಬಾರದೆ, ಹಳೆಯ ವಿಳಾಸದ ಮೇಲೆ ಹೊಸದನ್ನು ಒಂದೊಂದಾಗಿ ಅಂಟಿಸುತ್ತಿದ್ದಾರೆ.